ಬಾರದ ದೇಶದವರು

ಈ ಮಾತನ್ನು ಹೇಳಲು ಹೊರಟಿದ್ದಕ್ಕೆ ಮೊದಲು ಕ್ಷಮೆ ಇರಲಿ. ಇದನ್ನು ಹೇಳಬೇಕಾದವನು ಖಂಡಪ್ಪ. ಅವನು ಮಾತು ಕಡಿಮೆಯ ಮನುಷ್ಯ, ಅಕ್ಷರ ಬಾರದವನು. ಹಗಲೆಲ್ಲ ದುಡಿದು ಸಂಜೆಯ ಶಾಲೆಯಲ್ಲಿ ನಾನು ಕಲಿತ ಅಕ್ಷರದಿಂದ ಅವನ ಪರವಾಗಿ ಬರೆಯುವುದು ಸರಿಯೋ ತಪ್ಪೋ ತಿಳಿಯದು. ಅವನ ಬೆನ್ನು ಪಟ್ಟದ್ದನ್ನು ಇನ್ನೊಬ್ಬನ ಕೈ ಬರೆಯಲಾರದು. ಆದರೂ ಯಾರೂ ಬರೆಯದೆ ಹೋದರೆ ಆ ದಿನ ನಡೆದದ್ದು ನಡೆದೇ ಇಲ್ಲ ಎಂದಾಗಿಬಿಡುತ್ತದೆ. ಅಷ್ಟಕ್ಕೆ ಮಾತ್ರ ಈ ಧೈರ್ಯ.

ಎಪ್ಪತ್ತನೆಯ ಇಸವಿ ದಾಟಿ ಒಂದೆರಡು ವರ್ಷವಾಗಿತ್ತು. ಮುಂಬಯಿಯಲ್ಲಿ ಏಷ್ಯಾ ಖಂಡದ ಜುಡೋ ಪಂದ್ಯ ಎಂದು ಗೋಡೆಗೋಡೆಗೆ ಪೋಸ್ಟರು ಬಿದ್ದವು. ಸಯನ್ನಿಂದ ಕುರ್ಲಾಕ್ಕೆ ಹೋಗುವ ರಸ್ತೆಯ ಬದಿಯ ಮೈದಾನದಲ್ಲಿ ತಗಡು ಹೊದಿಸಿದ ದೊಡ್ಡ ಮಂಟಪ ಎದ್ದಿತು. ಎಬ್ಬಿಸಿದವರು ವಿಜಾಪುರದ ಕಡೆಯ ಕೂಲಿಗಳು. ಮಂಟಪದ ಬೆನ್ನಿಗೆ ನಾಲಾ, ಊರ ಕೊಳಚೆ ಹರಿಯುವ ಹಳ್ಳ. ನಾಲಾದ ದಂಡೆಯ ಮೇಲೆ ಅವರ ಜೋಪಡಿಗಳು. ಬಿದಿರು, ಗೋಣಿತಟ್ಟು, ಡಾಂಬರಿನ ಡಬ್ಬ ಬಡಿದು ಹಾಸಿದ ತಗಡು. ಖಂಡಪ್ಪನ ಜೋಪಡಿ ನೀರಿಗೆ ಎಲ್ಲಕ್ಕಿಂತ ಹತ್ತಿರ.

ಜುಡೋ ಎಂದರೆ ಒಂದು ಬಗೆಯ ಕುಸ್ತಿ. ದಪ್ಪ ಅಂಗಿ ತೊಟ್ಟಿರುತ್ತಾರೆ. ಒಬ್ಬರ ಅಂಗಿಯನ್ನು ಒಬ್ಬರು ಹಿಡಿದು ಕೆಡವುತ್ತಾರೆ. ಬೆನ್ನು ಸರಿಯಾಗಿ ಅಪ್ಪಳಿಸಿದರೆ ಆಟ ಮುಗಿಯಿತು. ಮಣ್ಣಿನ ಮೇಲಲ್ಲ, ಹುಲ್ಲು ತುಂಬಿದ ಹಾಸಿನ ಮೇಲೆ. ಅಂಥ ಹಾಸು ಬೇಕಾದಷ್ಟು ಸಿಗಲಿಲ್ಲ. ಕೂಲಿಗಳೇ ಮಾಡಬೇಕಾಯಿತು.

ಭತ್ತದ ಹುಲ್ಲನ್ನು ಬಡಿಗೆಯಿಂದ ಬಡಿದು ಮೆದು ಮಾಡಬೇಕು. ಕ್ಯಾನ್ವಾಸ್ ಚೀಲಕ್ಕೆ ಒತ್ತಿ ಒತ್ತಿ ತುರುಕಬೇಕು. ದಬ್ಬಣದಿಂದ ಬಾಯಿ ಹೊಲಿಯಬೇಕು. ಗಂಡಸರು ಬಡಿದರು. ಹೆಂಗಸರು ಹೊಲಿದರು. ಖಂಡಪ್ಪನ ಹೆಂಡತಿ ದಾನವ್ವ ತುಂಬಿದ ಬಸುರಿ. ಅವಳೂ ಹೊಲಿದಳು. ಒಂದು ದಿನ ದಬ್ಬಣ ಅವಳ ಹೆಬ್ಬೆರಳನ್ನು ತೂರಿ ಆಚೆ ಬಂತು. ಬೆರಳು ಬಾತು ಬದನೆಕಾಯಿಯಾಯಿತು. ಅವಳು ಅದನ್ನು ಸೀರೆಯ ಚುಂಗಿನಲ್ಲಿ ಸುತ್ತಿಕೊಂಡು ಎಡಗೈಯಿಂದ ಹೊಲಿದಳು. ರಕ್ತ ಬಿದ್ದ ಕಡೆಗೆ ಕೂಲಿಗಳ ಮುಕಾದಮ ಶಂಕ್ರೆಪ್ಪ ಸುಣ್ಣ ಬಳಿಸಿದ.

ಹಾಸು ತಯಾರಾದ ಮೇಲೆ ಇನ್ನೊಂದು ಕೆಲಸ ಹುಟ್ಟಿತು. ಹುಲ್ಲು ಒಳಗೆ ಗಂಟುಗಟ್ಟಿದ್ದರೆ ಆಟಗಾರರ ಬೆನ್ನುಮೂಳೆಗೆ ಪೆಟ್ಟು. ಗಂಟು ಕಣ್ಣಿಗೆ ಕಾಣುವುದಿಲ್ಲ. ಕೈಗೂ ಸಿಗುವುದಿಲ್ಲ. ಮೇಲೆ ಬಿದ್ದರೆ ಮಾತ್ರ ಗೊತ್ತಾಗುತ್ತದೆ. ಪಂದ್ಯದ ಸೆಕ್ರೆಟರಿ ಸಾಹೇಬ ಹಾಗೆಂದ. ಹಾಗಾಗಿ ಕೂಲಿಗಳು ಬೀಳಬೇಕು.

ಶಂಕ್ರೆಪ್ಪ ಸುಣ್ಣದ ಡಬ್ಬಿ ಹಿಡಿದು ನಿಂತ. ಒಬ್ಬೊಬ್ಬರೇ ಅಂಗಾತ ಬಿದ್ದರು. ಬೆನ್ನಿಗೆ ನಟ್ಟ ಕಡೆ ಬೆರಳು ತೋರಿಸಿದರು. ಅವನು ಅಲ್ಲಿ ಸುಣ್ಣದ ಬೊಟ್ಟಿಟ್ಟ. ಹೆಂಗಸರು ಅದನ್ನು ಬಿಚ್ಚಿ, ಗಂಟು ಒಡೆದು, ಮತ್ತೆ ಹೊಲಿದರು. ಮತ್ತೆ ಬೀಳಬೇಕು. ಹಣಮಂತ ಮೊದಲ ದಿನವೇ ವಾಂತಿ ಮಾಡಿಕೊಂಡ. ಈರಣ್ಣನ ಕುತ್ತಿಗೆ ತಿರುಗದಾಯಿತು. ಖಂಡಪ್ಪ ಬೀಳುತ್ತಲೇ ಇದ್ದ. ಬೀಳುವಾಗ ಗದ್ದ ಎದೆಗೆ ಒತ್ತಬೇಕು, ಅಂಗೈಯಿಂದ ಹಾಸನ್ನು ಬಡಿಯಬೇಕು ಎಂದು ಅವನ ಮೈ ತಾನಾಗಿ ಕಲಿಯಿತು.

"ಏನ್ ಚಂದ ಬೀಳ್ತೀಯೋ ಮಗನ! ಬೀಳಾಕಂತನ ಹುಟ್ಟಿ ನೋಡು ನೀ" ಎಂದ ಶಂಕ್ರೆಪ್ಪ. ಸೆಕ್ರೆಟರಿ ನಕ್ಕ. ಉಳಿದವರೂ ನಗಬೇಕಾಯಿತು.

ಆಮೇಲಾಮೇಲೆ ಖಂಡಪ್ಪನ ಬೆನ್ನು ಮರಗಟ್ಟಿತು. ಗಂಟು ನಟ್ಟರೂ ತಿಳಿಯದು. ಅಂದಾಜಿನ ಮೇಲೆ ಎಲ್ಲೋ ಒಂದು ಕಡೆ ಬೆರಳು ತೋರಿಸುತ್ತಿದ್ದ. ಅಲ್ಲಿ ಗಂಟು ಇದ್ದರೆ ಇತ್ತು, ಇಲ್ಲದಿದ್ದರೆ ಇಲ್ಲ. ಹೆಂಗಸರು ಬಿಚ್ಚಿ ಹೊಲಿಯುತ್ತಿದ್ದರು.

ಎಲ್ಲ ಮುಗಿಯಿತು. ಹಾಸನ್ನು ಮರದ ಕಟ್ಟೆಯ ಮೇಲೆ ಜೋಡಿಸಿ ಬಿಳಿ ಕ್ಯಾನ್ವಾಸ್ ಎಳೆದು ಕಟ್ಟಿದರು. ಶಂಕ್ರೆಪ್ಪ ಸುತ್ತ ಹಗ್ಗ ಬಿಗಿದ. "ಇನ್ನ ಮ್ಯಾಲ ಯಾರೂ ಕಾಲ ಇಡಂಗಿಲ್ಲ. ಹೊಲಸ ಆಗ್ತೈತಿ."

ಖಂಡಪ್ಪನಿಗೆ ಸಿಟ್ಟು ಬರಲಿಲ್ಲ. ಇದು ನೋಡಿದ್ದ ಆಟವೇ. ಅವನ ಊರಿನ ಗರಡಿಮನೆಗೆ ಕೆರೆಯ ಕೆಂಪುಮಣ್ಣು ಹೊತ್ತವರು ಹೊಲಗೇರಿಯವರು. ಅವನ ಅಪ್ಪ ಹೊರುತ್ತಿದ್ದ, ಸಾಣಿಸುತ್ತಿದ್ದ, ಮಜ್ಜಿಗೆ ಎಣ್ಣೆ ಬೆರೆಸಿ ತುಳಿಯುತ್ತಿದ್ದ. ಮಣ್ಣು ಹದವಾದ ಮೇಲೆ ಪೂಜೆ. ಪೂಜೆಯಾದ ಮೇಲೆ ಅಪ್ಪ ಹೊರಗೆ. ಗರಡಿಯ ಗೋಡೆಯ ಕಿಂಡಿಗೆ ಕಣ್ಣಿಟ್ಟು ಖಂಡಪ್ಪ ಕುಸ್ತಿ ನೋಡಿದವನು. ಮಣ್ಣು ಮುಟ್ಟಿದವನಲ್ಲ.

ಪಂದ್ಯಕ್ಕೆ ಒಂದು ವಾರವಿದ್ದಾಗ ದಾನವ್ವ ಹಡೆದಳು. ಹೆಣ್ಣು ಕೂಸು. ಅದೇ ವಾರ ಮುನಿಸಿಪಾಲ್ಟಿಯವರು ಬಂದು ಜೋಪಡಿಗಳ ಮೇಲೆ ಡಾಂಬರಿನಿಂದ ಕೆಡವುವ ಕತ್ತರಿ ಗುರುತು ಹಾಕಿದರು. ಪರದೇಶದವರ ಬಸ್ಸು ಈ ದಾರಿಯಲ್ಲೇ ಬರುತ್ತದೆ. ಅವರ ಕಣ್ಣಿಗೆ ನಾಲಾ ಬೀಳಬಹುದು. ಜೋಪಡಿ ಬೀಳಬಾರದು.

ಪಂದ್ಯದ ಹಿಂದಿನ ದಿನ ಶಂಕ್ರೆಪ್ಪ ಬಂದ. ಅವನ ಮುಖ ಎಂದಿಲ್ಲದಷ್ಟು ಮೆತ್ತಗಿತ್ತು.

"ಖಂಡ್ಯಾ, ನಾಳೆ ನೀವು ಆರು ಮಂದಿ ಪರದೇಶದವ್ರು."

"ಅಂದ್ರ?"

"ಒಂದ ದೇಶ ಬರ್ತೀವಿ ಅಂದಿತ್ತು, ಬರ್ಲಿಲ್ಲ. ಇಷ್ಟ ದೇಶ ಕೂಡಿದ್ರ ಮಾತ್ರ ಏಷ್ಯಾದ ಆಟ ಅಂತ. ಒಂದ ಕಮ್ಮಿ ಬಿದ್ರ ಅಲ್ಲಂತ. ಮಂತ್ರಿ ಬ್ಯಾರೆ ಬರಾಕತ್ತಾನ. ಸಾಹೇಬ್ರ ಮಾನ ಹೋಗ್ತೈತಿ."

"ಯಾವ ದೇಶರೀ ಅದು?"

"ಯಾವದರ ಆಗವಲ್ದ್ಯಾಕ, ನಿನಗ್ಯಾಕ? ಅಲ್ಲಿ ಮಂದೀನೂ ನಿಮ್ಮಂಗ ಕರ್ರಗ, ಗಟ್ಟಿ ಇರ್ತಾರಂತ. ಬೂಟ ಬ್ಯಾಡ, ಏನ್ ಬ್ಯಾಡ, ಬರಿಗಾಲ ಆಟ. ಆರೂ ಮಂದಿ ಮೆರವಣಿಗ್ಯಾಗ ನಡೀರಿ. ಆಮ್ಯಾಲ ನೀ ಒಬ್ಬಾಂವ ಆಟಕ್ಕ ನಿಂದ್ರು. ಅಂವ ಕೊಳ್ಳಪಟ್ಟಿ ಹಿಡೀತಾನ, ನೀ ಬೀಳು. ಬೀಳೂದು ನಿನಗೇನ್ ಹೊಸಾದಲ್ಲಲ್ಲ. ಬಾಯಿ ಮಾತ್ರ ಬಿಡಬ್ಯಾಡ."

ಖಂಡಪ್ಪ ಜೋಪಡಿಯ ಮೇಲಿನ ಕರಿ ಗುರುತಿನ ಕಡೆ ನೋಡಿದ.

"ಅದನ್ನೂ ಸಾಹೇಬ್ರು ಹೇಳ್ಯಾರ" ಎಂದ ಶಂಕ್ರೆಪ್ಪ. "ನೀ ಬಿದ್ದಿ ಅಂದ್ರ ಜೋಪಡಿ ಮುಟ್ಟಂಗಿಲ್ಲ. ಮಳಿಗಾಲ ಮುಗಿಯೂತನಕ ಒಬ್ರೂ ಕೇಳಂಗಿಲ್ಲ. ಮಾತಂದ್ರ ಮಾತು."

ಅವನು ಹೋದ ಮೇಲೆ ದಾನವ್ವ ಒಳಗಿನಿಂದ ಕೇಳಿದಳು. "ಬಿದ್ರ ನೋವಾಗ್ತೈತೇನು?"

"ಬೆನ್ನ ಸತ್ತೈತಿ. ಏನೂ ಗೊತ್ತಾಗಂಗಿಲ್ಲ."

"ಹಂಗಾರ ಬಿದ್ದ ಬಾ. ಬೆನ್ನ ಹೋದ್ರ ಹೋಗ್ಲಿ, ಮ್ಯಾಲಿನ ತಗಡ ಉಳೀಲಿ."

ಬೆಳಿಗ್ಗೆ ಆರು ಜನಕ್ಕೂ ದಪ್ಪ ಬಿಳಿ ಅಂಗಿ, ಬಿಳಿ ಚಲ್ಲಣ, ಸೊಂಟಕ್ಕೆ ಪಟ್ಟಿ ಕೊಟ್ಟರು. ಅಷ್ಟು ಬೆಳ್ಳಗಿನ ಬಟ್ಟೆ ಅವರ ಮೈಮೇಲೆ ಎಂದೂ ಬಿದ್ದಿರಲಿಲ್ಲ. ಹಣಮಂತ ತನ್ನ ತೋಳನ್ನು ತಾನೇ ಸವರಿಕೊಂಡ. "ಲೇ ಖಂಡ್ಯಾ, ನನ್ನ ಮದುವ್ಯಾಗೂ ಇಂಥಾ ಅರಿವಿ ಇರಲಿಲ್ಲೋ. ಈಗ ನನ್ನ ಹೆಂಡ್ತಿ ನೋಡಿದ್ರ ಸಾಹೇಬ್ರ ಅಂತ ಕೈ ಮುಗೀತಾಳ." ಯಾರೂ ಜೋರಾಗಿ ನಗಲಿಲ್ಲ. ಬಾಯಿ ಬಿಡಬಾರದಿತ್ತು.

ಬ್ಯಾಂಡು ಬಾರಿಸಿತು. ಜಪಾನದವರು ಹೋದರು. ಕೊರಿಯಾದವರು, ಇರಾನದವರು ಹೋದರು. ಇವರ ಸರದಿ ಬಂತು. ಮುಂದೆ ಒಬ್ಬ ದೇಶದ ಹೆಸರು ಬರೆದ ಹಲಗೆ ಎತ್ತಿ ಹಿಡಿದು ನಡೆದ. ಹಿಂದೆ ನಡೆದವರಿಗೆ ಕಂಡದ್ದು ಹಲಗೆಯ ಹಿಂಭಾಗ. ಬರಿಯ ಪ್ಲೈವುಡ್. ಅದನ್ನು ಗರಗಸದಿಂದ ಕೊಯ್ದವರೂ ಇವರೇ. ಧ್ವನಿವರ್ಧಕ ಏನೋ ಹೆಸರು ಹೇಳಿತು. ಚಪ್ಪಾಳೆಯಲ್ಲಿ ಅದು ಮುಳುಗಿಹೋಯಿತು. ಮೇಲೆ ಕುಳಿತ ಮಂತ್ರಿ ಎದ್ದು ಇವರಿಗೆ ಕೈ ಮುಗಿದ. ಈರಣ್ಣ ಹೆದರಿ ತಲೆ ತಗ್ಗಿಸಿದ. ದಂಡೆಯ ಉಳಿದ ಗಂಡಸರನ್ನೆಲ್ಲ ಶಂಕ್ರೆಪ್ಪ ಹಿಂದಿನ ಬೆಂಚುಗಳಲ್ಲಿ ಕೂರಿಸಿದ್ದ. ಜಾಗ ಖಾಲಿ ಕಾಣಬಾರದು. ಅವರೂ ಚಪ್ಪಾಳೆ ತಟ್ಟಿದರು.

ಮೆರವಣಿಗೆ ಮುಗಿದು ಆಟಗಾರರು ಪರದೆಯ ಹಿಂದೆ ಕುಳಿತರು. ಅಲ್ಲೇ ಪಕ್ಕದಲ್ಲಿ ಚಹದ ಒಲೆ. ಉಡುಪಿ ಕಡೆಯ ಅಣ್ಣು ಎಂಬವನು ಅತಿಥಿಗಳಿಗೆ ಚಹ ತುಂಬಿಸುತ್ತಿದ್ದ. ಒಲೆಯ ಹಿಂದಿನ ಸಂದಿಯಿಂದ ಮಲ್ಲವ್ವ ನುಸುಳಿ ಬಂದಳು. ಖಂಡಪ್ಪನ ಪಕ್ಕದ ಜೋಪಡಿಯವಳು. ಅವಳ ತಲೆ, ಹುಬ್ಬು, ತುಟಿ ಎಲ್ಲ ಧೂಳು.

"ಖಂಡಪ್ಪಣ್ಣಾ. ಲಾರಿ ಬಂದಿತ್ತೋ."

ಖಂಡಪ್ಪ ಅವಳನ್ನೇ ನೋಡಿದ.

"ಒಳಗ ಬ್ಯಾಂಡ ಬಡ್ಯಾಕತ್ತಿತ್ತಲ್ಲ, ಆವಾಗ. ಗಂಡಸ್ರು ಒಬ್ರೂ ಇರಲಿಲ್ಲ. ಬಿದಿರ ಕಿತ್ತ ನಾಲಾಕ್ಕ ಒಗದ್ರು. ತಗಡ ಲಾರ್ಯಾಗ ಹಾಕ್ಕೊಂಡ ಹ್ವಾದ್ರು. ಒಂದೂ ಬಿಡ್ಲಿಲ್ಲ."

"ದಾನವ್ವ?"

"ಕೂಸಿನ್ನ ಸೆರಗಿನಾಗ ಹಾಕ್ಕೊಂಡ ಬಿಸಲಾಗ ಕುಂತಾಳ. ಕರದ್ರ ಓ ಅನವಲ್ಲಳು."

ಖಂಡಪ್ಪ ಶಂಕ್ರೆಪ್ಪನ ಕಡೆ ತಿರುಗಿದ. ಶಂಕ್ರೆಪ್ಪನ ಕಣ್ಣು ಚಹದ ಒಲೆಯ ಮೇಲಿತ್ತು. ಅದರಲ್ಲೇ ಎಲ್ಲ ತಿಳಿಯಿತು. ಗಂಡಸರೆಲ್ಲ ಒಳಗೆ ಏಕಿದ್ದರು ಎಂಬುದೂ ತಿಳಿಯಿತು.

"ಮೊದಲ ಬೀಳು" ಎಂದ ಶಂಕ್ರೆಪ್ಪ. "ಆಮ್ಯಾಲ ಮಾತಾಡೂನು."

ಧ್ವನಿವರ್ಧಕ ಕರೆಯಿತು. ಖಂಡಪ್ಪ ಎದ್ದ. ಸಿಟ್ಟು ಬರಬೇಕಿತ್ತು. ಬರಲಿಲ್ಲ. ಬೆನ್ನು ಸತ್ತಂತೆ ಒಳಗೂ ಏನೋ ಸತ್ತಿತ್ತು. ಕಾಲುಗಳು ತಾವಾಗಿ ನಡೆದು ಹಗ್ಗ ದಾಟಿದವು.

ಬಿಳಿ ಹಾಸು. ಎದುರಿಗೆ ಕೊರಿಯಾದ ಆಟಗಾರ. ಎಳೆಯ ವಯಸ್ಸು, ಮೋಟು ಕೂದಲು, ಕೋಣದ ಕುತ್ತಿಗೆ. ಅವನು ಎರಡೂ ಕೈ ತೊಡೆಗೆ ಹಚ್ಚಿ, ಸೊಂಟ ಬಗ್ಗಿಸಿ, ತಲೆ ತಗ್ಗಿಸಿದ. ಖಂಡಪ್ಪ ಹಿಂದೆ ತಿರುಗಿ ನೋಡಿದ. ಹಿಂದೆ ಯಾರೂ ಇರಲಿಲ್ಲ. ಬಾಗಿದ್ದು ಅವನಿಗೇ.

ಅವನಿಗೆ ಹಾಗೆ ಬಾಗಲು ಬರುತ್ತಿರಲಿಲ್ಲ. ಕಿಂಡಿಯಲ್ಲಿ ನೋಡಿದ್ದು ನೆನಪಿಗೆ ಬಂತು. ಬಗ್ಗಿ ಹಾಸನ್ನು ಮುಟ್ಟಿ ಹಣೆಗೆ ಹಚ್ಚಿಕೊಂಡ. ಕ್ಯಾನ್ವಾಸಿನ ಅಡಿಯಿಂದ ಅಂಗೈಗೆ ಹೊಲಿಗೆ ಸಿಕ್ಕಿತು. ದಾನವ್ವನ ಎಡಗೈ ಹೊಲಿಗೆ. ವಾರೆ ವಾರೆ ಬಿದ್ದಿತ್ತು.

ತೀರ್ಪುಗಾರ ಕೂಗಿದ. ಕೊರಿಯಾದವನು ಮುಂದೆ ಬಂದು ಕೈ ಚಾಚಿದ.

ಖಂಡಪ್ಪ ಕುಳಿತುಬಿಟ್ಟ.

ಬೀಳಲಿಲ್ಲ. ಊಟಕ್ಕೆ ಕುಳಿತಂತೆ ಚಕ್ಕಳಮಕ್ಕಳ ಹಾಕಿ ಹಾಸಿನ ನಟ್ಟನಡುವೆ ಕುಳಿತ. ಕೈ ಎರಡೂ ತೊಡೆಯ ಮೇಲೆ.

ಕೊರಿಯಾದವನ ಕೈ ಗಾಳಿಯಲ್ಲೇ ನಿಂತಿತು. ತೀರ್ಪುಗಾರ ಏಳು ಎಂದು ಸನ್ನೆ ಮಾಡಿದ. ಮತ್ತೆ ಮಾಡಿದ. ಬೆಂಚುಗಳಲ್ಲಿ ಗುಜುಗುಜು. ಆಟ ನಿಲ್ಲಿಸಿ ತೀರ್ಪುಗಾರ ಏನೋ ಹೇಳಿದ. ಕೊರಿಯಾದವನು ಹಿಂದೆ ಸರಿದ. ಆಟ ನಿಂತಾಗ ಕೂರುವುದು ಅವರ ಪದ್ಧತಿಯೇನೋ, ಅವನೂ ಮೊಣಕಾಲೂರಿ ಎದುರಿಗೆ ಕುಳಿತ. ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತ ಕುಳಿತರು.

"ನಮ್ಮ ಜೋಪಡಿ ಮುರದಾರ" ಎಂದ ಖಂಡಪ್ಪ. ಕೊರಿಯಾದವನಿಗೆ ಹೇಳಿದ. ಬೇರೆ ಯಾರಿಗೆ ಹೇಳಬೇಕೋ ತಿಳಿಯಲಿಲ್ಲ. "ಎಂಟ ದಿನದ ಬಾಣಂತಿ ಬಿಸಲಾಗ ಕುಂತಾಳ. ನಾ ಏಳಂಗಿಲ್ಲ."

ಕೊರಿಯಾದವನು ತಲೆಯಾಡಿಸಿದ. ಅರ್ಥವಾಗದ್ದಕ್ಕೆ ಆಡಿಸಿದ್ದೋ, ಸುಮ್ಮನೆ ಮರ್ಯಾದೆಗೋ.

ಧ್ವನಿವರ್ಧಕ ಇಂಗ್ಲಿಷಿನಲ್ಲೂ ಹಿಂದಿಯಲ್ಲೂ ಹೇಳಿತು. ನಮ್ಮ ಅತಿಥಿ ಆಟಗಾರ ತನ್ನ ದೇಶದ ಭಾಷೆಯಲ್ಲಿ ಏನೋ ಹೇಳುತ್ತಿದ್ದಾರೆ. ಭಾಷೆ ಬಲ್ಲವರು ಯಾರಾದರೂ ಇದ್ದರೆ ದಯವಿಟ್ಟು ಮುಂದೆ ಬರಬೇಕು.

ಹಿಂದಿನ ಬೆಂಚುಗಳ ತುಂಬ ಭಾಷೆ ಬಲ್ಲವರೇ ಇದ್ದರು. ಒಬ್ಬರೂ ಏಳಲಿಲ್ಲ. ಸೆಕ್ರೆಟರಿ ಪರದೆಯ ಹಿಂದೆ ಓಡಿ ಅಣ್ಣುವಿನ ತೋಳು ಹಿಡಿದ. ಅವನ ಕೈಯಲ್ಲಿದ್ದ ಚಹದ ಕೆಟಲಿ ಕಿತ್ತಿಟ್ಟ. "ಇವನಿಗೆ ಹೊಟ್ಟೆನೋವು ಅಂತ ಹೇಳು, ಅಷ್ಟೇ. ಬೇರೆ ಒಂದು ಶಬ್ದ ಬಂದರೆ ನಾಳೆಯಿಂದ ನೀನು ಈ ಊರಿನಲ್ಲಿ ಎಲ್ಲಿಯೂ ಕಪ್ಪು ತೊಳೆಯಲಾರೆ" ಎಂದ ಹಿಂದಿಯಲ್ಲಿ.

ಅಣ್ಣು ಹಾಸಿನ ಮೇಲೆ ಬಂದು ಖಂಡಪ್ಪನ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಅವನ ಪಂಚೆಯಲ್ಲಿ ಹಾಲಿನ ವಾಸನೆ.

"ಎಂತ ಮಾರಾಯ ಇದು? ಏಳು ನೋಡುವ. ನನ್ನ ಹೊಟ್ಟೆಗೆ ಯಾಕೆ ಕಲ್ಲು ಹಾಕ್ತಿ?"

"ನೀ ಕನ್ನಡದಾಂವ ಏನು?"

"ಹೌದು. ಆದ್ರೆ ನೀನು ಕನ್ನಡದವ ಅಲ್ಲ ಈಗ. ಇವರು ನಿನ್ನನ್ನು ಬೇರೆ ದೇಶದವ ಮಾಡಿ ಇಟ್ಟಿದ್ದಾರೆ. ನಾನು ಎಂತ ಹೇಳ್ಲಿ?"

"ನಮ್ಮ ಜೋಪಡಿ ಮುರದಾರ ಅಂತ ಹೇಳು."

"ಹೇಗೆ ಹೇಳುದು? ಬೇರೆ ದೇಶದವನಿಗೆ ಇಲ್ಲಿ ಎಲ್ಲಿಯ ಜೋಪಡಿ?"

"ಹಂಗಾರ ಬ್ಯಾರೆ ದೇಶದಾಂವನ ಜೋಪಡಿ ಮುರದಾರ ಅಂತ ಹೇಳು."

ಮೈಕು ಅಣ್ಣುವಿನ ಬಾಯಿಗೆ ಬಂತು. ಮೇಲೆ ಮಂತ್ರಿ ಕಾಯುತ್ತಿದ್ದ.

"ಪೇಟ್ ಮೇ ದರ್ದ್ ಹೈ" ಎಂದ ಅಣ್ಣು.

ಅಯ್ಯೋ ಎಂದಿತು ಜನ. ಆಮೇಲೆ ಚಪ್ಪಾಳೆ. ಹೊಟ್ಟೆನೋವಿನಲ್ಲೂ ಆಟಕ್ಕೆ ಬಂದ ಪರದೇಶದವನಿಗೆ ಚಪ್ಪಾಳೆ. ಅಣ್ಣು ತಲೆ ಎತ್ತದೆ ಎದ್ದುಹೋದ.

ಖಂಡಪ್ಪ ಏಳಲಿಲ್ಲ. ಹಗ್ಗದ ಆಚೆ ಪೋಲೀಸರು ಬಂದು ನಿಂತರು. ಕೈಯಲ್ಲಿ ಲಾಠಿ. ಒಬ್ಬನೂ ಒಳಗೆ ಕಾಲಿಡಲಿಲ್ಲ. ಎಲ್ಲ ದೇಶದವರೂ ನೋಡುತ್ತಿದ್ದರು. ಸೆಕ್ರೆಟರಿ ಬಂದು ಬಗ್ಗಿದ. ಮುಖದ ತುಂಬ ನಗು. ಖಂಡಪ್ಪನ ಭುಜ ಸವರಿದ. ಸವರುತ್ತ ಹಲ್ಲಿನ ಸಂದಿಯಿಂದ ಹಿಂದಿಯಲ್ಲಿ ಹೇಳಿದ.

"ಈ ಅಂಗಿ ಮೈಯಿಂದ ಇಳಿಯಲಿ ಮಗನೆ. ಆಮೇಲೆ ತೋರಿಸ್ತೀನಿ."

ಖಂಡಪ್ಪ ಸೆಕ್ರೆಟರಿಯ ಮುಖ ನೋಡಿದ. ಪೋಲೀಸರ ಲಾಠಿ ನೋಡಿದ. ತನ್ನ ಅಂಗಿ ನೋಡಿಕೊಂಡ. ಸೊಂಟದ ಪಟ್ಟಿಯ ಗಂಟನ್ನು ಇನ್ನಷ್ಟು ಬಿಗಿದುಕೊಂಡ.

ಕೊನೆಗೆ ಸ್ಟ್ರೆಚರ್ ತಂದರು. ಅತಿಥಿಯನ್ನು ಎತ್ತುವಂತೆ ಮೆಲ್ಲಗೆ ಎತ್ತಿದರು. ಎತ್ತುವಾಗ ಕೊರಿಯಾದವನು ಎದ್ದು ನಿಂತು ಮತ್ತೊಮ್ಮೆ ಬಾಗಿದ. ಸ್ಟ್ರೆಚರ್ ಹೊತ್ತವರು ಹಣಮಂತ, ಈರಣ್ಣ ಮತ್ತು ಅದೇ ಬಿಳಿ ಅಂಗಿಯ ಇನ್ನಿಬ್ಬರು. ಆ ದೇಶದ ಆಟಗಾರನನ್ನು ಆ ದೇಶದವರೇ ಹೊರಬೇಕಲ್ಲ. ಪರದೆಯ ಹಿಂದೆ ಶಂಕ್ರೆಪ್ಪ ಕೈ ಚಾಚಿ ಕಾದಿದ್ದ. "ಬಿಚ್ಚ್ರಿ ಅಂಗಿ. ಬಿಚ್ಚ್ರೋ."

"ನಿಂದರಬ್ಯಾಡ್ರಿ" ಎಂದ ಖಂಡಪ್ಪ ಮಲಗಿದಲ್ಲಿಂದ. "ನಡೀರಿ. ಅಂಗಿ ಬಿಚ್ಚಬ್ಯಾಡ್ರಿ."

ಅವರು ನಿಲ್ಲಲಿಲ್ಲ. ಚಹದ ಒಲೆ ದಾಟಿ, ಹಿಂದಿನ ಸಂದಿ ದಾಟಿ, ನಾಲಾದ ದಂಡೆಗೆ ಬಂದರು. ಆರನೆಯವನು ಬರಿಗೈಯಲ್ಲಿ ಹಿಂದೆ ಓಡಿ ಬಂದ.

ದಂಡೆ ಬಯಲಾಗಿತ್ತು. ಒಲೆಯ ಕಲ್ಲುಗಳು ಮಾತ್ರ ಇದ್ದಲ್ಲೇ ಇದ್ದವು. ತನ್ನ ಜೋಪಡಿಯ ಜಾಗದಲ್ಲಿ ದಾನವ್ವ ಕುಳಿತಿದ್ದಳು. ಬಿಸಿಲು ಇಳಿಯುತ್ತಿತ್ತು. ಕಾವಲಿಗೆ ಬಿಟ್ಟಿದ್ದ ಪೋಲೀಸಿನವನು ಬಿಳಿ ಅಂಗಿಗಳನ್ನು ಕಂಡು ಬೀಡಿ ಎಸೆದು ನೆಟ್ಟಗೆ ನಿಂತು ಸಲಾಮು ಹೊಡೆದ.

ಖಂಡಪ್ಪ ಸ್ಟ್ರೆಚರಿನಿಂದ ಇಳಿದು ಹೆಂಡತಿಯ ಪಕ್ಕ ಕುಳಿತ. ಅವಳು ಅವನನ್ನು ಮೇಲಿಂದ ಕೆಳಗೆ ನೋಡಿದಳು.

"ಬಿದ್ದೇನು?"

"ಇಲ್ಲ."

"ಬಿದ್ದಿದ್ರೂ ಇಷ್ಟ ಆಗ್ತಿತ್ತು" ಎಂದಳು. ಕೂಸನ್ನು ಅವನ ದಪ್ಪ ಅಂಗಿಯ ಒಳಗೆ ತುರುಕಿದಳು. ಅಲ್ಲಿ ನೆರಳಿತ್ತು.

ಆರೂ ಜನ ಆರು ಜೋಪಡಿಗಳ ಜಾಗದಲ್ಲಿ ಕುಳಿತರು. ಬೆಂಚು ಬಿಟ್ಟು ಬಂದ ಗಂಡಸರು ನಾಲಾಕ್ಕೆ ಇಳಿದು ಬಿದಿರು ಎತ್ತಿದರು. ಸ್ಟ್ರೆಚರಿನ ಕೋಲುಗಳು ಖಂಡಪ್ಪನ ಜೋಪಡಿಯ ಮುಂಗಂಬಗಳಾದವು. ಮುನಿಸಿಪಾಲ್ಟಿಯ ಲಾರಿ ಮತ್ತೆ ಬಂತು. ಅದರ ಹಿಂದೆಯೇ ಸೆಕ್ರೆಟರಿ ಓಡಿ ಬಂದ. ಲಾರಿಯವನ ಕಿವಿಯಲ್ಲಿ ಏನೋ ಹೇಳಿದ. ಲಾರಿ ಹೋಯಿತು. ಪರದೇಶದವರ ಬಸ್ಸು ಆಗ ರಸ್ತೆಯ ಮೇಲೆ ಹಾಯುತ್ತಿತ್ತು. ಕಿಟಕಿಗಳಲ್ಲಿ ಕೈಗಳು ಬೀಸಿದವು. ಹಣಮಂತ ತಾನೂ ಕೈ ಬೀಸಿದ.

ಪಂದ್ಯ ನಡೆದಷ್ಟು ದಿನವೂ ಆರು ಜನ ಅಂಗಿ ಕಳಚಲಿಲ್ಲ. ಅದರಲ್ಲೇ ಉಂಡರು, ಅದರಲ್ಲೇ ಮಲಗಿದರು. ಅಂಗಿ ಮಣ್ಣಿನ ಬಣ್ಣಕ್ಕೆ ತಿರುಗಿತು. ಆದರೂ ಅಂಗಿಯೇ. ಒಬ್ಬ ಪೋಲೀಸಿನವನೂ ದಂಡೆಗೆ ಇಳಿಯಲಿಲ್ಲ. ಶಂಕ್ರೆಪ್ಪ ಎರಡು ಸಲ ಬಂದು ದೂರದಿಂದಲೇ ಬೈದುಹೋದ. ಅಣ್ಣು ಒಂದು ಸಲ ಬಂದ. ಚಹದ ಕೆಟಲಿ ಇಟ್ಟ. ಹೋದ.

ಆಮೇಲೆ ಪಂದ್ಯ ಮುಗಿಯಿತು. ಜಪಾನದವರು ಹೋದರು. ಕೊರಿಯಾದವರು, ಇರಾನದವರು ಹೋದರು. ಬಾರದೇ ಇದ್ದ ದೇಶ ಒಂದೇ ಉಳಿಯಿತು.

ಅದರ ಮರುದಿನ ಲಾರಿ ಮತ್ತೆ ಬಂತು ಎನ್ನುವವರಿದ್ದಾರೆ. ಬರಲಿಲ್ಲ, ಮಳೆ ಬಂದು ನಾಲಾವೇ ಎಲ್ಲವನ್ನೂ ಎಳೆದುಕೊಂಡು ಹೋಯಿತು ಎನ್ನುವವರೂ ಇದ್ದಾರೆ. ಖಂಡಪ್ಪ ಮುಂಬಯಿಯ ಆಚೆ ತುದಿಯ ಜೋಗೇಶ್ವರಿಯಲ್ಲಿ ಕಂಡ ಎಂದು ಒಬ್ಬರು, ಪೋಲೀಸರು ಹಿಡಿದೊಯ್ದರು, ಲಾಕಪ್ಪಿನಿಂದ ಬಂದವನು ಊರಿಗೇ ಹೋದ ಎಂದು ಒಬ್ಬರು. ಆ ಕೂಸು ಬದುಕಿತೇ ಎಂದು ಕೇಳಿದರೆ ಯಾರೂ ಖಂಡಿತ ಹೇಳುವುದಿಲ್ಲ. ಈಗ ಆ ದಂಡೆಯ ಮೇಲೆ ಗೋಡೆ ಎದ್ದಿದೆ.

ಆ ದಿನ ಖಂಡಪ್ಪ ಯಾವ ದೇಶದವನಾಗಿದ್ದ ಎಂಬುದೂ ತಿಳಿದಿಲ್ಲ. ಅಣ್ಣುವನ್ನು ಕೇಳಿದರೆ ಒಮ್ಮೆ ಒಂದು ದೇಶ ಹೇಳುತ್ತಾನೆ, ಇನ್ನೊಮ್ಮೆ ಇನ್ನೊಂದು. ಹಲಗೆಯ ಮುಂಭಾಗ ನೋಡಿದವರು ಸಿಗಲಿಲ್ಲ. ಅದರ ಹಿಂದೆ ನಡೆದವರಿಗೆ ಕಂಡದ್ದು ಬರಿಯ ಪ್ಲೈವುಡ್.